ಮಾಳಿಗೆ ಮೇಲೆ ಸೋಲಾರ್: ಹಾಕಿಸುವ ಮುಂಚೆ ಕರೆಂಟ್ ಬಿಲ್ ತೆಗೆದು ನೋಡಿ

ದಾವಣಗೆರೆಯ ಬಡಾವಣೆಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಮನೆಯ ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್ ಕಾಣುತ್ತಿವೆ. ಚಿತ್ರದುರ್ಗದಲ್ಲೂ ಅಷ್ಟೇ. "ಬಿಲ್ ಝೀರೋ ಬರುತ್ತೆ ಸಾರ್, ಸಬ್ಸಿಡಿ 78 ಸಾವಿರ ಸಿಗುತ್ತೆ" ಅಂತ ಫೋನ್ ಮಾಡುವವರಂತೂ ಬಿಡುವುದೇ ಇಲ್ಲ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಅದು ಯಾರ ಮನೆಗೆ ನಿಜ, ಯಾರ ಮನೆಗೆ ಅಲ್ಲ ಅನ್ನುವುದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಪಕ್ಕದ ಮನೆಯವರಿಗೆ ಲಾಭ ಆಯಿತು ಅಂತ ನಿಮಗೂ ಆಗಬೇಕೆಂದಿಲ್ಲ. ಇದನ್ನು ತಿಳಿಯೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ, ಕರೆಂಟ್ ಬಿಲ್ ಓದಲು ಬಂದರೆ ಸಾಕು. ನೀರು ಕಾಯಿಸುವ ಸೋಲಾರ್, ಗಾಳಿಯಂತ್ರ, ಗೋಬರ್ ಗ್ಯಾಸ್ ಬಗ್ಗೆಯೂ ಜನ ಕೇಳುತ್ತಿರುತ್ತಾರೆ, ಅವನ್ನೂ ಕೊನೆಗೆ ನೋಡೋಣ.

ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ

ಗೊಂದಲ ಶುರುವಾಗುವುದೇ ಇಲ್ಲಿ. ಕಿಲೋವ್ಯಾಟ್ ಅಂದರೆ ಈ ಕ್ಷಣಕ್ಕೆ ಎಷ್ಟು ಜೋರಾಗಿ ಕರೆಂಟ್ ಖರ್ಚಾಗುತ್ತಿದೆ ಅಥವಾ ತಯಾರಾಗುತ್ತಿದೆ ಅನ್ನುವ ಅಳತೆ. ಯೂನಿಟ್ ಅಂದರೆ ಒಟ್ಟು ಎಷ್ಟಾಯಿತು ಅನ್ನುವ ಲೆಕ್ಕ. 1000 ವ್ಯಾಟ್, ಅಂದರೆ 1 ಕಿಲೋವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಪೂರ್ತಿ ಕಾದರೆ 1 ಯೂನಿಟ್. 2000 ವ್ಯಾಟ್‌ನ ಗೀಸರ್‌ಗೆ ಅರ್ಧ ಗಂಟೆ ಸಾಕು. ಅದೇ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ 1 ಯೂನಿಟ್ ತಿನ್ನಬೇಕಾದರೆ 111 ಗಂಟೆ ಉರಿಯಬೇಕು. ಲೈಟ್ ಆರಿಸಲಿಲ್ಲ ಅಂತ ಮಕ್ಕಳಿಗೆ ಬೈಯುವ ಮನೆಯಲ್ಲೇ ಗೀಸರ್ ಸ್ವಿಚ್ ಬೆಳಗ್ಗೆಯಿಂದ ಆನ್ ಇರುತ್ತದೆ, ಅದು ಬೇರೆ ಮಾತು.

ಸೋಲಾರ್ ಮಾರುವವರು ಕಿಲೋವ್ಯಾಟ್‌ನಲ್ಲಿ ಮಾತಾಡುತ್ತಾರೆ. ಬೆಸ್ಕಾಂ ಬಿಲ್ ಬರುವುದು ಯೂನಿಟ್‌ನಲ್ಲಿ. ಎರಡನ್ನೂ ಜೋಡಿಸುವ ಲೆಕ್ಕ ಇಷ್ಟೇ: ನಮ್ಮ ಭಾಗದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿಸಿದರೆ ದಿನಕ್ಕೆ 12, ತಿಂಗಳಿಗೆ ಸುಮಾರು 350. ಇದು ಸರಾಸರಿ ಅನ್ನುವುದು ನೆನಪಿರಲಿ. ಒಳ್ಳೆ ಬಿಸಿಲಿನ ದಿನ 15 ಆಗಬಹುದು, ಮೋಡದ ದಿನ 4ಕ್ಕೂ ಇಳಿಯಬಹುದು.

ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಕಾವಲ್ಲ

ಪ್ಯಾನೆಲ್ ಒಳಗಿರುವುದು ಸಿಲಿಕಾನ್‌ನ ತೆಳು ಬಿಲ್ಲೆಗಳು. ಅವುಗಳ ಮೇಲೆ ಬೆಳಕು ಬಿದ್ದಾಗ ಒಳಗಿನ ಎಲೆಕ್ಟ್ರಾನ್‌ಗಳು ಕದಲಿ ಒಂದು ದಿಕ್ಕಿಗೆ ಹರಿಯುತ್ತವೆ. ಅದೇ ಕರೆಂಟ್. ತಿರುಗುವ ಭಾಗ ಇಲ್ಲ, ಸದ್ದಿಲ್ಲ, ಹೊಗೆ ಇಲ್ಲ. ಇದು ಡಿಸಿ, ಅಂದರೆ ಬ್ಯಾಟರಿಯಲ್ಲಿ ಸಿಗುವಂಥ ಕರೆಂಟ್. ನಮ್ಮ ಮನೆಯ ಫ್ಯಾನು ಮಿಕ್ಸಿಗೆ ಬೇಕಾದ್ದು ಎಸಿ, ಅಂದರೆ ಬೀದಿ ಲೈನ್‌ನಲ್ಲಿ ಬರುವಂಥ ಕರೆಂಟ್. ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆಗೇ ಇನ್ವರ್ಟರ್ ಅನ್ನುವುದು. ಯುಪಿಎಸ್ ಪಕ್ಕದಲ್ಲಿ ಬ್ಯಾಟರಿ ಇಟ್ಟುಕೊಂಡು ನಾವು ಇನ್ವರ್ಟರ್ ಅಂತ ಕರೆಯುತ್ತೇವಲ್ಲ, ಇದರಲ್ಲಿ ಆ ಬ್ಯಾಟರಿ ಇರಲೇಬೇಕು ಅಂತೇನಿಲ್ಲ.

ಏಪ್ರಿಲ್, ಮೇನಲ್ಲಿ ದಾವಣಗೆರೆ ಕಾದ ಹೆಂಚಾಗಿರುತ್ತದೆ, ಆಗಲೇ ಕರೆಂಟ್ ಜಾಸ್ತಿ ಬರಬೇಕು ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ದಿನ ಉದ್ದ, ಬಿಸಿಲೂ ಚುರುಕು, ಹಾಗಾಗಿ ಚೆನ್ನಾಗೇ ಬರುತ್ತದೆ. ಆದರೆ ಪ್ಯಾನೆಲ್ ಬಿಸಿಯಾದಷ್ಟೂ ಮಂಕಾಗುತ್ತದೆ. ಅದರ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆ ಶೇ 0.3ರಿಂದ 0.4ರಷ್ಟು ಶಕ್ತಿ ಕಡಿಮೆ. ಬೇಸಿಗೆ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ದಾಟುವುದು ಮಾಮೂಲು, ಅಂದರೆ ಹತ್ತಿರ ಹತ್ತಿರ ಶೇ 12ರಷ್ಟು ಅಲ್ಲೇ ಹೋಯಿತು. ಹಾಗಾಗಿ ಆಕಾಶ ತಿಳಿಯಾಗಿದ್ದು ಇನ್ನೂ ಅಷ್ಟು ಸೆಕೆ ಏರದ ಫೆಬ್ರವರಿ, ಮಾರ್ಚ್ ಇದಕ್ಕೆ ಒಳ್ಳೆ ಕಾಲ. ಆಷಾಢದಲ್ಲಿ ಮಳೆ ಬರದಿದ್ದರೂ ಮೋಡ ಮುಚ್ಚಿಕೊಂಡೇ ಇರುತ್ತದಲ್ಲ, ಆ ತಿಂಗಳು ಲೆಕ್ಕ ಇಳಿಯುತ್ತದೆ.

ಒಟ್ಟಾರೆ ನೋಡಿದರೆ ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಚಳ್ಳಕೆರೆ, ಹಿರಿಯೂರು ಭಾಗದವರು ಮಳೆಗೆ ಕಾದು ಕಾದು ಬೇಸತ್ತವರು. ಅದೇ ಒಣ ಹವೆ, ಅದೇ ತಿಳಿ ಆಕಾಶ ಪ್ಯಾನೆಲ್‌ಗೆ ಬೇಕಾದ್ದು. ಪಕ್ಕದ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂದದ್ದೂ ಇಂಥ ನೆಲ, ಇಂಥ ಬಿಸಿಲು ನೋಡಿಯೇ.

ನಿಮ್ಮ ಮಾಳಿಗೆಗೆ ಹೊಂದುತ್ತದಾ?

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ಈಗ ಬರುವ 540 ವ್ಯಾಟ್‌ನ ಪ್ಯಾನೆಲ್ ಒಂದೊಂದೂ ಬಾಗಿಲಿಗಿಂತ ದೊಡ್ಡದು, ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ಅಂಥವು ಆರು ಹಾಕಿದರೆ 3 ಕಿಲೋವ್ಯಾಟ್ ದಾಟುತ್ತದೆ. ಮುಖ ದಕ್ಷಿಣಕ್ಕಿರಬೇಕು, ಯಾಕೆಂದರೆ ವರ್ಷದ ಬಹುಪಾಲು ಸೂರ್ಯ ನಮಗೆ ದಕ್ಷಿಣಕ್ಕೆ ವಾಲಿರುತ್ತಾನೆ. ನಾವಿರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ 10ರಿಂದ 15 ಡಿಗ್ರಿ ಓರೆ ಸಾಕು.

ಜಾಗಕ್ಕಿಂತ ಮುಖ್ಯ ನೆರಳು. ಪ್ಯಾನೆಲ್‌ಗಳನ್ನು ಒಂದರ ಬಾಲಕ್ಕೊಂದು ಕಟ್ಟಿ ಸರಣಿ ಮಾಡಿರುತ್ತಾರೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ, ಒಂದು ಕುಂಟಿದರೆ ಇನ್ನೊಂದೂ ಅದರ ನಡಿಗೆಗೇ ಇಳಿಯಬೇಕು. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಇಡೀ ಸಾಲಿನ ಕರೆಂಟ್ ಕುಸಿಯುತ್ತದೆ. ಪ್ಯಾನೆಲ್ ಒಳಗೆ ಡಯೋಡ್ ಅನ್ನುವ ಬಿಡಿಭಾಗ ಇದನ್ನು ಸ್ವಲ್ಪ ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಹಾಗಾಗಿ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಮಾಳಿಗೆ ಹತ್ತಿ ಎಲ್ಲೆಲ್ಲಿ ನೆರಳು ಬೀಳುತ್ತದೆ ಅಂತ ನೋಡಿ. ಡಿಸೆಂಬರ್‌ನಲ್ಲಿ ಸೂರ್ಯ ಇನ್ನೂ ದಕ್ಷಿಣಕ್ಕೆ ಸರಿದಿರುತ್ತಾನೆ, ಆಗ ದಕ್ಷಿಣದ ಮನೆಯ, ಮರದ ನೆರಳು ಉದ್ದವಾಗುತ್ತದೆ. ಆ ದಿಕ್ಕಿನಲ್ಲಿ ಖಾಲಿ ಸೈಟ್ ಇದ್ದರೆ ಅಲ್ಲಿ ಮೂರಂತಸ್ತು ಏಳಬಹುದು ಅನ್ನುವುದೂ ತಲೆಯಲ್ಲಿರಲಿ.

ಆರ್‌ಸಿಸಿ ಮಾಳಿಗೆಗೆ ತೂಕದ ಚಿಂತೆ ಇಲ್ಲ. ಹಳ್ಳಿ ಕಡೆಯ ಮಣ್ಣಿನ ಮಾಳಿಗೆ ಮನೆಗೆ ಇದು ಬೇಡ. ತಗಡಿನ ಶೀಟ್ ಮೇಲೆ ಹಾಕಬಹುದು, ಕೆಳಗಿನ ಕಬ್ಬಿಣ ಗಟ್ಟಿ ಇರಬೇಕು. ಆರ್‌ಸಿಸಿ ಮೇಲೂ ನಿಜವಾದ ಶತ್ರು ಗಾಳಿ. ಆಷಾಢದ ಗಾಳಿಗೆ ಚಿತ್ರದುರ್ಗದಲ್ಲಿ ತಗಡು ಹಾರುವುದನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಪ್ಯಾನೆಲ್ ಅಡಿ ಗಾಳಿ ನುಗ್ಗಿ ಮೇಲಕ್ಕೆ ಎತ್ತುತ್ತದೆ, ಆದ್ದರಿಂದ ಕಾಲುಗಳನ್ನು ಸುಮ್ನೆ ಇಟ್ಟಿಗೆ ಮೇಲೆ ನಿಲ್ಲಿಸಿ ಹೋಗಲು ಬಿಡಬೇಡಿ. ಕಾಂಕ್ರೀಟ್ ದಿಂಡು ಹಾಕಿ ಬೋಲ್ಟ್ ಬಿಗಿಸಬೇಕು, ರಂಧ್ರ ಕೊರೆದ ಕಡೆ ನೀರು ಇಳಿಯದ ಹಾಗೆ ಮುಚ್ಚಬೇಕು. ಕಾಲುಗಳನ್ನು ಎಂಟಡಿ ಎತ್ತರಿಸಿಕೊಟ್ಟರೆ ಕೆಳಗೆ ಬಟ್ಟೆ ಒಣಗಿಸುವ ಜಾಗ ಉಳಿಯುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಮಾಳಿಗೆ ಬಳಸುವ ಮನೆಯವರು ಹಾಗೇ ಮಾಡಿಸುವುದು ಒಳ್ಳೆಯದು.

ಆಮೇಲೆ ತೊಳೆಯುವ ಕೆಲಸ. ಧೂಳು ಕೂತರೆ ಕರೆಂಟ್ ಕಡಿಮೆ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಿಗೆ ಮಸಿ, ಕ್ವಾರಿ ಕಡೆಯವರಿಗೆ ಕಲ್ಲುಪುಡಿ. ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕು. ಬೆಳಗ್ಗೆ ಬಿಸಿಲೇರುವ ಮುಂಚೆ ಒರೆಸಬೇಕು, ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಬೋರ್ ನೀರು ಗಡುಸಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ನಲ್ಲಿ ನೀರಿದ್ದರೆ ಅದನ್ನೇ ಬಳಸಿ ಮೆತ್ತನೆ ಬಟ್ಟೆಯಿಂದ ಒರೆಸಿ. ಕೋಟೆ ಹತ್ತಿರದವರಿಗೆ ಕೋತಿ ಕಾಟವೂ ಇದೆ, ವೈರ್‌ಗಳನ್ನು ಪೈಪ್ ಒಳಗೆ ಹಾಕಿಸಿಬಿಡಿ.

ಕರೆಂಟ್ ಹೋದರೆ ಸೋಲಾರ್ ಕೂಡ ಬಂದ್

ಹಾಕಿಸಿದ ಮೇಲೆ ಜಾಸ್ತಿ ಜನ ಬೇಜಾರಾಗುವುದು ಇದಕ್ಕೇ. ಮಟಮಟ ಮಧ್ಯಾಹ್ನ, ಪ್ಯಾನೆಲ್ ಮೇಲೆ ಉರಿಬಿಸಿಲು, ಬೀದಿಯಲ್ಲಿ ಕರೆಂಟ್ ಹೋಯಿತು, ನಿಮ್ಮ ಮನೆಯಲ್ಲೂ ಫ್ಯಾನ್ ನಿಂತಿತು. ಸೋಲಾರ್ ಕೆಟ್ಟಿದೆಯಾ? ಇಲ್ಲ. ಅದು ಬೇಕೆಂದೇ ನಿಂತಿದೆ.

ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಆನ್‌ಗ್ರಿಡ್ ವ್ಯವಸ್ಥೆ. ಅದರ ಇನ್ವರ್ಟರ್ ಬೆಸ್ಕಾಂ ಲೈನ್‌ನ ಕರೆಂಟ್ ನೋಡಿಕೊಂಡು ಅದರ ತಾಳಕ್ಕೆ ತಾಳ ಹಾಕುತ್ತಾ ಓಡುತ್ತದೆ. ಲೈನ್ ಸತ್ತ ಕೂಡಲೇ ಇದೂ ಕೈ ಎತ್ತಬೇಕು. ಕಾರಣ ಸರಳ. ಕರೆಂಟ್ ತೆಗೆದಿದ್ದೇವೆ ಅಂತ ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾರೆ. ಆಗ ನಿಮ್ಮ ಮಾಳಿಗೆಯಿಂದ ಕರೆಂಟ್ ಅದೇ ತಂತಿಗೆ ಹರಿದರೆ ಜೀವಕ್ಕೇ ಅಪಾಯ. ಅದಕ್ಕೇ ಈ ನಿಲ್ಲುವ ಗುಣ ಕಡ್ಡಾಯ.

ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಬೇಕು. ಲೈನ್ ಹೋದಾಗ ಮನೆಯನ್ನು ಬೀದಿ ಲೈನ್‌ನಿಂದ ಬಿಡಿಸಿಕೊಂಡು ಬ್ಯಾಟರಿಯಿಂದ ಓಡಿಸುವ ಪೆಟ್ಟಿಗೆಗೆ ಹೈಬ್ರಿಡ್ ಇನ್ವರ್ಟರ್ ಅನ್ನುತ್ತಾರೆ. ಬೆಸ್ಕಾಂ ಲೈನೇ ಇಲ್ಲದೆ ಪೂರ್ತಿ ಬ್ಯಾಟರಿ ಮೇಲೆ ನಡೆಯುವುದು ಆಫ್‌ಗ್ರಿಡ್, ಲೈನ್ ಬರದ ತೋಟದ ಮನೆಗೆ ಅದು ಸರಿ. ಆದರೆ ಬ್ಯಾಟರಿ ಬಂತೆಂದರೆ ಲೆಕ್ಕವೇ ಬೇರೆ. ಪ್ಯಾನೆಲ್ 25 ವರ್ಷ ಬಾಳುತ್ತದೆ, ವರ್ಷಕ್ಕೆ ಶೇ ಅರ್ಧದಷ್ಟು ಸವೆಯುತ್ತದೆ ಅಷ್ಟೇ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಬದಲಿಸಬೇಕು. ಲಿಥಿಯಂ ಬ್ಯಾಟರಿ ಹತ್ತು ವರ್ಷದ ಹತ್ತಿರ ಬರುತ್ತದೆ, ಬೆಲೆಯೂ ಹಾಗೇ ಇದೆ. ದಿನಕ್ಕೆ ಒಂದೆರಡು ಗಂಟೆ ಕರೆಂಟ್ ಹೋಗುವ ಊರಲ್ಲಿ ಆನ್‌ಗ್ರಿಡ್ ಜೊತೆ ಮನೆಯಲ್ಲಿ ಈಗಾಗಲೇ ಇರುವ ಹಳೇ ಯುಪಿಎಸ್ ಸಾಕಾಗುತ್ತದೆ.

ಹಗಲು ಕೊಡುವುದು, ರಾತ್ರಿ ತೆಗೆದುಕೊಳ್ಳುವುದು

ಸೋಲಾರ್ ಕರೆಂಟ್ ಬರುವುದು ಹಗಲು. ಮನೆಯಲ್ಲಿ ಜಾಸ್ತಿ ಖರ್ಚಾಗುವುದು ಬೆಳಗ್ಗೆ, ರಾತ್ರಿ. ಈ ಅಂತರಕ್ಕೆ ಮದ್ದು ನೆಟ್ ಮೀಟರ್. ಮಾಮೂಲಿ ಮೀಟರ್ ಒಳಗೆ ಬಂದದ್ದನ್ನು ಮಾತ್ರ ಎಣಿಸುತ್ತದೆ, ಇದು ಹೊರಗೆ ಹೋದದ್ದನ್ನೂ ಎಣಿಸುತ್ತದೆ. ಒಳಗೆ ಬಂದದ್ದು ಇಂಪೋರ್ಟ್, ಹೊರಗೆ ಹೋದದ್ದು ಎಕ್ಸ್‌ಪೋರ್ಟ್.

ಒಂದು ಮನೆಯ ಲೆಕ್ಕ ಹಿಡಿಯೋಣ. 3 ಕಿಲೋವ್ಯಾಟ್ ಪ್ಯಾನೆಲ್ ತಿಂಗಳಿಗೆ 350 ಯೂನಿಟ್ ತಯಾರಿಸಿತು. ಹಗಲು ಫ್ರಿಜ್, ಮೋಟರ್, ವಾಷಿಂಗ್ ಮಷೀನ್ ಸೇರಿ 110 ಯೂನಿಟ್ ನೇರವಾಗಿ ಮನೆಗೇ ಬಳಕೆಯಾಯಿತು. ಉಳಿದ 240 ಬೀದಿ ಲೈನ್‌ಗೆ ಹೋಯಿತು. ರಾತ್ರಿ ನೀವು ಬೆಸ್ಕಾಂನಿಂದ 210 ತೆಗೆದುಕೊಂಡಿರಿ. ಕೊಟ್ಟದ್ದರಲ್ಲಿ ತೆಗೆದುಕೊಂಡದ್ದು ವಜಾ ಆಗಿ 30 ಯೂನಿಟ್ ನಿಮ್ಮ ಕಡೆ ಉಳಿಯಿತು. ಆ 30ಕ್ಕೆ ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತು ಮಾಡಿದ ದರ ಸಿಗುತ್ತದೆ, ಆ ದರ ನೀವು ಕರೆಂಟ್ ಕೊಳ್ಳುವ ದರಕ್ಕಿಂತ ಕಡಿಮೆ. ಅಂದರೆ ಕರೆಂಟ್ ಮಾರಿ ದುಡ್ಡು ಮಾಡುತ್ತೇನೆ ಅಂತ ಮನೆಗೆ ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಿದರೆ ಅಸಲು ಹುಟ್ಟಲು ತಡವಾಗುತ್ತದೆ. ಇನ್ನೊಂದು ಮಾತು, ಯೂನಿಟ್ ಸೊನ್ನೆಯಾದರೂ ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆಗೆ ಬೆಸ್ಕಾಂ ಒಪ್ಪಿದ ಕಿಲೋವ್ಯಾಟ್ ಮೇಲಿನ ನಿಗದಿತ ಶುಲ್ಕ ಉಳಿಯುತ್ತದೆ. "ಬಿಲ್ ಝೀರೋ" ಅನ್ನುವವರು ಇದನ್ನು ನುಂಗಿಕೊಳ್ಳುತ್ತಾರೆ.

ಗೃಹಜ್ಯೋತಿ ಇರುವ ಮನೆಗೆ ಲೆಕ್ಕ ಹೇಗೆ?

ಈಗ ಬಿಲ್ ತೆಗೆಯಿರಿ. ಕರ್ನಾಟಕದಲ್ಲಿ 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಇದೆ. ನಿಮ್ಮ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿರುತ್ತಾರೆ, ಅಷ್ಟರವರೆಗೆ ಉಚಿತ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು.

ಹಾಗಾದರೆ ತಿಂಗಳಿಗೆ 90 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆಗೆ ಸೋಲಾರ್ ಏನು ಉಳಿಸುತ್ತದೆ? ಸದ್ಯಕ್ಕೆ ಏನೂ ಇಲ್ಲ. ಕಟ್ಟುವ ಬಿಲ್ಲೇ ಇಲ್ಲದ ಮೇಲೆ ಉಳಿತಾಯ ಎಲ್ಲಿಂದ? ಅದೇ ಎಸಿ, ಗೀಸರ್, ಬೋರ್ ಮೋಟರ್ ಎಲ್ಲ ಇದ್ದು ತಿಂಗಳಿಗೆ 350 ಯೂನಿಟ್ ಸುಡುವ ಮನೆ, ಅಥವಾ ಉಚಿತವೇ ಅನ್ವಯಿಸದ ಅಂಗಡಿ, ಕ್ಲಿನಿಕ್‌ಗೆ ಪ್ರತಿ ಯೂನಿಟ್ ಉಳಿತಾಯವೂ ಕೈಯಲ್ಲಿ ಕಾಣುವ ದುಡ್ಡು. ಸಬ್ಸಿಡಿ ಮಾತ್ರ ಮನೆಗಳಿಗೆ, ಅಂಗಡಿಗೆ ಇಲ್ಲ.

ಸಬ್ಸಿಡಿ ಅಂದರೆ 2024ರ ಫೆಬ್ರವರಿಯಲ್ಲಿ ಕೇಂದ್ರ ತಂದ ಪಿಎಂ ಸೂರ್ಯಘರ್ ಯೋಜನೆ. 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000. ಮುಂದೆ 5 ಹಾಕಿಸಿದರೂ 10 ಹಾಕಿಸಿದರೂ 78,000ಕ್ಕೇ ನಿಲ್ಲುತ್ತದೆ. ಉದಾಹರಣೆಗೆ 3 ಕಿಲೋವ್ಯಾಟ್‌ಗೆ 1,90,000 ಹೇಳಿದರು ಅನ್ನಿ. ಸಬ್ಸಿಡಿ ಕಳೆದರೆ ನಿಮ್ಮ ಕೈಯಿಂದ 1,12,000. ವರ್ಷಕ್ಕೆ 4,200 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೆ 25,200. ನಾಲ್ಕೂವರೆ ವರ್ಷಕ್ಕೆ ಅಸಲು ಬಂತು. ನಡುವೆ ಹತ್ತು ವರ್ಷದ ಹೊತ್ತಿಗೆ ಇನ್ವರ್ಟರ್ ಬದಲಿಸುವ ಖರ್ಚೊಂದು ಬರುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಅರ್ಜಿ ಹಾಕುವುದು ಸೂರ್ಯಘರ್ ಪೋರ್ಟಲ್‌ನಲ್ಲಿ. ಕರೆಂಟ್ ಬಿಲ್ ನಂಬರ್ ಬೇಕು, ಬಿಲ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿದಾರರು. ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ, ನಮ್ಮ ಕಡೆ ಅರ್ಧ ಮನೆಗಳ ಕಥೆ ಇದೇ. ನೋಂದಾಯಿತ ವೆಂಡರ್ ಕೈಲೇ ಹಾಕಿಸಬೇಕು, ಪ್ಯಾನೆಲ್‌ನ ಸೆಲ್ ಭಾರತದಲ್ಲೇ ತಯಾರಾದದ್ದಿರಬೇಕು. ಅದರ ಗುರುತಾಗಿ ಕೊಟೇಶನ್‌ನಲ್ಲಿ ಡಿಸಿಆರ್ ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಅಡವಿಡದೆ 2 ಲಕ್ಷದವರೆಗೆ ಬ್ಯಾಂಕ್ ಸಾಲವೂ ಉಂಟು. ಎಲ್ಲ ಹಾಕಿ, ನೆಟ್ ಮೀಟರ್ ಕೂರಿಸಿ, ತಪಾಸಣೆ ಮುಗಿದ ಮೇಲೆ ಸಬ್ಸಿಡಿ ನೇರ ನಿಮ್ಮ ಖಾತೆಗೆ ಬರುತ್ತದೆ. ಅರ್ಥಿಂಗ್ ಮತ್ತು ಸಿಡಿಲು ತಡೆ ಪ್ರತ್ಯೇಕವಾಗಿ ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ. 5 ವರ್ಷ ನಿರ್ವಹಣೆ ವೆಂಡರ್‌ನದೇ, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ನೀರು ಕಾಯಿಸುವ ಸೋಲಾರ್

ಇದು ಕರೆಂಟ್ ಮಾಡುವುದಿಲ್ಲ, ಬಿಸಿಲಿನ ಕಾವನ್ನೇ ನೀರಿಗೆ ಕೊಡುತ್ತದೆ. ಎರಡನ್ನೂ ಸೋಲಾರ್ ಅಂತಲೇ ಕರೆಯುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4 ಯೂನಿಟ್ ಬೇಕು. ಅಷ್ಟನ್ನೂ ಇದು ಪುಕ್ಕಟೆ ಮಾಡುತ್ತದೆ. ಗೃಹಜ್ಯೋತಿಯಲ್ಲಿದ್ದು ಗೀಸರ್ ದೆಸೆಯಿಂದ ಚಳಿಗಾಲದಲ್ಲಿ 230 ಯೂನಿಟ್ ಮುಟ್ಟಿ ಪೂರ್ತಿ ಬಿಲ್ ಕಟ್ಟುವ ಮನೆಗಳಿವೆ. ದಿನಕ್ಕೆ 2 ಯೂನಿಟ್ ಗೀಸರ್ ತಪ್ಪಿದರೆ 170ಕ್ಕೆ ಇಳಿಯುತ್ತದೆ, ಮತ್ತೆ ಯೋಜನೆಯೊಳಗೆ ಬಂದಂತೆ. ಅಂಥವರಿಗೆ ಲಕ್ಷ ಖರ್ಚು ಮಾಡಿ ಪ್ಯಾನೆಲ್ ಹಾಕಿಸುವುದಕ್ಕಿಂತ ಇದೇ ಜಾಣತನ. ಬೋರ್ ನೀರಿನ ಮನೆಯಾದರೆ ತಾಮ್ರದ ಕೊಳವೆಯ ಚಪ್ಪಟೆ ಮಾದರಿಯಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ, ಗಾಜಿನ ಟ್ಯೂಬ್ ಮಾದರಿಯನ್ನು ಬಿಚ್ಚಿ ತೊಳೆಯುವುದು ಸುಲಭ.

ಗುಡ್ಡದ ಮೇಲಿನ ಫ್ಯಾನ್ ನಮ್ಮ ಮಾಳಿಗೆಗೆ ಯಾಕಿಲ್ಲ?

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ತಿರುಗುತ್ತವೆ. ಚಿಕ್ಕದೊಂದು ನಮ್ಮ ಮನೆಗೂ ಇದ್ದರೆ? ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗ. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿಯಲ್ಲಿ ಒಂದು ಚದರ ಮೀಟರ್‌ಗೆ ಸುಮಾರು 130 ವ್ಯಾಟ್ ಇದ್ದರೆ, 3 ಮೀಟರ್‌ನ ಗಾಳಿಯಲ್ಲಿ ಬರೀ 16. ಅದರಲ್ಲೂ ಯಂತ್ರಕ್ಕೆ ದಕ್ಕುವುದು ಮೂರನೇ ಒಂದು ಭಾಗ, ಒಂದು ಮೊಬೈಲ್ ಚಾರ್ಜ್ ಆದೀತು. ಗುಡ್ಡದ ತುದಿಯಲ್ಲಿ, ಎತ್ತರದ ಕಂಬದ ಮೇಲೆ ಗಾಳಿ ಅಡ್ಡಿಯಿಲ್ಲದೆ ಬೀಸುತ್ತದೆ. ಊರೊಳಗೆ ಗೋಡೆ, ಟ್ಯಾಂಕ್, ಮರಕ್ಕೆ ಬಡಿದು ಸುಳಿಯಾಗುತ್ತದೆ. ಆಷಾಢ ಮುಗಿದ ಮೇಲಂತೂ ಅದೂ ಇಲ್ಲ.

ದನ ಕಟ್ಟಿದವರಿಗೆ ಗೋಬರ್ ಗ್ಯಾಸ್

ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಸಗಣಿ ಮತ್ತು ಅಷ್ಟೇ ನೀರು ಕಲಸಿ ಗಾಳಿಯಾಡದ ಗುಂಡಿಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಅನಿಲ ಬಿಡುತ್ತವೆ, ಅದು ಪೈಪಿನಲ್ಲಿ ಒಲೆಗೆ ಬರುತ್ತದೆ. 25 ಕೆಜಿ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್. ನಾಲ್ಕೈದು ಜನರ ಅಡುಗೆಗೆ 2 ಘನ ಮೀಟರ್ ಬೇಕು, ಅಂದರೆ ದಿನಕ್ಕೆ 50 ಕೆಜಿ ಸಗಣಿ, ಕೊಟ್ಟಿಗೆಯಲ್ಲಿ ನಾಲ್ಕೈದು ದನ. ಉಳಿಯುವುದು ಕರೆಂಟ್ ಬಿಲ್ ಅಲ್ಲ, ಸಿಲಿಂಡರ್ ದುಡ್ಡು. ಹೊರಬರುವ ಬಗ್ಗಡ ತೋಟಕ್ಕೆ ಒಳ್ಳೆ ಗೊಬ್ಬರ. ಚಳಿಗಾಲದಲ್ಲಿ ಗ್ಯಾಸ್ ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೆ ಒಂದು ಸಿಲಿಂಡರ್ ಇಟ್ಟುಕೊಂಡಿರಬೇಕು. ಎರಡೇ ದನ ಇರುವವರು ದೊಡ್ಡ ಗುಂಡಿ ತೋಡಿಸಿದರೆ ಸಗಣಿ ಸಾಲದೆ ಒಲೆ ಅರ್ಧಕ್ಕೇ ಆರುತ್ತದೆ, ಅಂಥವರು 1 ಘನ ಮೀಟರ್‌ನದನ್ನೇ ಕಟ್ಟಿಸಿ ಒಂದು ಹೊತ್ತಿನ ಅಡುಗೆಗೆ ಬಳಸಬಹುದು.